ಐದು ವರ್ಷದ ಡಿಗ್ರಿಗೆ ಮೂರನೇ ವರ್ಷದಲ್ಲಿ ಬಾಗಿಲಿದೆಯೇ?

ಸಂಕ್ರಾಂತಿ ಮುಗಿದ ವಾರ. ಐರೋಲಿಯ ಆಫೀಸಿನಿಂದ ಹೊರಟು ಮಾಜಿವಾಡಾ ಫ್ಲೈಓವರ್ ಹತ್ತಿರ ಕಂಟೇನರ್ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದೆ. ಧಾರವಾಡದಿಂದ ಅಕ್ಕನ ಫೋನು. "ನಿನ್ನ ಸೊಸಿ ಎಂಜಿನಿಯರಿಂಗ್ ಒಲ್ಲೆ ಅಂತಾಳ. ಅದೇನೋ ಅಂತರರಾಷ್ಟ್ರೀಯ ಸಂಬಂಧ ಓದತಾಳಂತ. ನೀನರ ತಿಳಿಸಿ ಹೇಳು." ಹಿಂದಿನಿಂದ ಭಾವನ ದನಿ: "ಸಂಬಂಧ ನಾವ ನೋಡತೀವಂತ ಹೇಳು!"

ಮನೆಯಲ್ಲಿ ಎಂಟೆಕ್ ಮಾಡಿದವನು ನಾನೊಬ್ಬನೇ. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು.

ಸೊಸೆಗೆ ಬೇಕಿದ್ದದ್ದು ಬಿಎ, ಎಂಎ ಎರಡೂ ಸೇರಿದ ಕೋರ್ಸು. ಒಂದು ವರ್ಷ ಉಳಿಯುತ್ತದೆ ಎಂಬುದು ಅವಳ ವಾದ. ಆ ಲೆಕ್ಕ ಅಮೆರಿಕದ್ದು. ಅಲ್ಲಿ ಬಿಎ ನಾಲ್ಕು ವರ್ಷ, ಎಂಎ ಎರಡು. ಜಾನ್ಸ್ ಹಾಪ್ಕಿನ್ಸ್‌ನಂಥ ಕಡೆ ಕೆಲವು ವಿಷಯಗಳನ್ನು ಎರಡೂ ಪದವಿಗೆ ಲೆಕ್ಕ ಹಿಡಿದು ಐದರಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಮೂರಕ್ಕೆ ಎರಡು ಕೂಡಿಸಿದರೂ ಐದೇ, ಹೊಸ ಪದ್ಧತಿಯ ನಾಲ್ಕಕ್ಕೆ ಒಂದು ಕೂಡಿಸಿದರೂ ಐದೇ. (ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು.) ಅಂದರೆ ಇಲ್ಲಿ ಉಳಿಯುವುದು ವರ್ಷವಲ್ಲ, ಎರಡನೇ ಪ್ರವೇಶ ಪರೀಕ್ಷೆ. ಅದಕ್ಕೆ ಪ್ರತಿಯಾಗಿ ಹದಿನೆಂಟರ ಹುಡುಗಿ ಐದು ವರ್ಷ ಬರೆದುಕೊಡಬೇಕು.

ಇದು ನನಗೆ ಚುಚ್ಚುವ ವಿಷಯ. ನಾನೂ ಬಿಟೆಕ್, ಎಂಟೆಕ್ ಸೇರಿದ ಐದು ವರ್ಷದ ಕೋರ್ಸಿನವನು. ಮೂರನೇ ವರ್ಷ ಸಾಕೆನಿಸಿತು. ಬಿಟ್ಟರೆ ಕೈಯಲ್ಲಿ ಯಾವ ಸರ್ಟಿಫಿಕೇಟೂ ಇರುವುದಿಲ್ಲ ಎಂದರು. ಉಳಿದೆ. ಅಪ್ಪನಿಗೂ ಹೇಳಲಿಲ್ಲ.

ಹಾಗಾಗಿ ಹುಡುಕುವಾಗ ಮೊದಲು ನೋಡಿದ್ದೇ ಹೊರಬರುವ ಬಾಗಿಲನ್ನು. ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ಹಳೆಯ ಶಾಲೆಯಿದೆ. 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಶುರುವಾಗಿ 1970ರಲ್ಲಿ ಜೆಎನ್‌ಯು ಸೇರಿತು. ವಿದೇಶಾಂಗ ಸಚಿವ ಜೈಶಂಕರ್ ಪಿಎಚ್‌.ಡಿ ಮಾಡಿದ್ದು ಜೆಎನ್‌ಯುನಲ್ಲೇ. ಆದರೆ ಆ ಶಾಲೆಗೆ ಹೋಗುವ ಮುಖ್ಯ ದಾರಿ ಎಂಎ. ಪಿಯುಸಿ ಮುಗಿಸಿದವರಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಚೀನೀ, ಜಪಾನೀ, ರಷ್ಯನ್ ಭಾಷೆಗಳ ಬಿಎ ಇದೆ. ಮೂರು ವರ್ಷ ಒಂದು ಭಾಷೆ ಕಲಿತು ಆಮೇಲೆ ಎಂಎಗೆ ಬರುವವರ ಕೈಯಲ್ಲಿ ಏನಾದರೂ ಇರುತ್ತದೆ. ನನಗೆ ಹಿಡಿಸಿದ್ದು ಇದೇ. ಭಾವನಿಗಾಗಿ ಇನ್ನೊಂದು ಸಿಕ್ಕಿತು. ಅಲ್ಲೇ 2018ರಿಂದ ಎಂಜಿನಿಯರಿಂಗ್ ಇದೆ, ಬಿಟೆಕ್ ಜತೆ ಸಮಾಜ ವಿಜ್ಞಾನ, ಮಾನವಿಕ ವಿಷಯಗಳನ್ನೂ ಸೇರಿಸಿದ ಐದು ವರ್ಷದ ಕೋರ್ಸು. ಎಂಎಗಾದರೆ ಮಣಿಪಾಲವಿದೆ, ಕಾಸರಗೋಡಿನ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

"ಓದಿ ಏನ ಮಾಡತಾಳ, ರಾಯಭಾರಿ ಆಗತಾಳೇನು?" ಎಂದರು ಭಾವ. ಐಎಫ್‌ಎಸ್‌ಗೆ ಈ ಡಿಗ್ರಿಯೇ ಬೇಕಿಲ್ಲ, ಯಾವ ಪದವಿಯಾದರೂ ನಡೆಯುತ್ತದೆ. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ನಿರುಪಮಾ ರಾವ್ ಬೆಂಗಳೂರಿನ ಮೌಂಟ್ ಕಾರ್ಮೆಲ್‌ನಲ್ಲಿ ಓದಿ, ಇಲ್ಲಿನ ಮರಾಠವಾಡಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂಎ ಮಾಡಿದವರು. ಅದನ್ನು ಹೇಳಿ ನಾನೇ ಭಾವನ ಕೈಗೆ ಕೋಲು ಕೊಟ್ಟಂತಾಯಿತು.

ಆದರೆ ನನ್ನ ಕೆಲಸವನ್ನೂ ಹೇಳಿದೆ. ಸರಕು ಸಾಗಣೆಯ ಸಾಫ್ಟ್‌ವೇರ್ ನಮ್ಮದು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹೂಥಿಗಳ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ, ನಾವು ಲೆಕ್ಕ ಹಾಕಿದ್ದ ತಲುಪುವ ತಾರೀಖುಗಳೆಲ್ಲ ತಪ್ಪಿದವು. ಇದು ವಾರದ ಮಾತೋ ವರ್ಷದ ಮಾತೋ ಎಂದು ಮ್ಯಾನೇಜರ್ ಕೇಳಿದರೆ ಹನ್ನೊಂದು ಜನ ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿದೆವು. ಯೆಮೆನ್ ಎಲ್ಲಿದೆ ಎಂದು ನಾನು ಮ್ಯಾಪ್ ತೆಗೆದು ನೋಡಿದ್ದು ಅವತ್ತೇ.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಜೆಇಇನೂ ಬರೀಲಿ" ಎಂದರು. ಸೊಸೆ ಒಪ್ಪಿದಳು, ಸಿಯುಇಟಿ ಫಾರ್ಮಿನ ದುಡ್ಡು ನಾನು ಕಟ್ಟಬೇಕೆಂಬ ಷರತ್ತಿನ ಮೇಲೆ.

ಫೋನ್ ಇಡುವ ಮೊದಲು ಕೇಳಿದಳು: "ಮಾಮಾ, ಮೂರನೇ ವರ್ಷ ಬಿಟ್ಟಿದ್ರ ನೀ ಏನ ಓದತಿದ್ದಿ?"

ಇತಿಹಾಸ ಎಂದೆ. ಅಕ್ಕನಿಗೂ ಅದು ಗೊತ್ತಿರಲಿಲ್ಲ.