ಸಡಿಲಗೊಂಡ ಚರ್ಮಕ್ಕೆ ಬಿಸಿಯ ಚಿಕಿತ್ಸೆ: ಆಯ್ಕೆ ಹೇಗೆ?

ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಸಂಜೆಯಾದರೂ ನೆಲ ಕಾದೇ ಇರುತ್ತದೆ. ಈಚಿನ ಒಂದು ಜಾತ್ರೆಯಲ್ಲಿ, ದೇವಸ್ಥಾನದ ಹತ್ತಿರ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಜೊತೆಯಲ್ಲಿ ತಾಯಿ. ಕಮಲಾಪುರದ ಕಡೆಯವರು. ವರ್ಷಗಟ್ಟಲೆ ತೋಟದ ಕೂಲಿ ಮಾಡಿ, ಆಮೇಲೆ ಕೆಂಪು ಬಾಳೆಹಣ್ಣು ಮಾರಿ ಮಗಳನ್ನು ಓದಿಸಿದವರು. ಮಗಳಿಗೆ ಬೆಂಗಳೂರಿನಲ್ಲಿ ನೌಕರಿ. ಎರಡು ತಿಂಗಳಲ್ಲಿ ಮದುವೆ.

“ಸರ, ಅವ್ವನ ಮಾರಿ ಜೋತು ಬಿದ್ದಾದ. ಮದುವಿ ಫೋಟೋದಾಗ ಛಂದ ಕಾಣಬೇಕು. ಆಪರೇಷನ್ ಇಲ್ದೆ ಚರ್ಮ ಬಿಗಿ ಮಾಡೋ ಮಷಿನ್ ಬಂದಾವಂತ. ಯಾವ್ದು ಛಲೋ ಅದ, ಹೇಳ್ರಿ” ಎಂದು ಕರಪತ್ರವೊಂದನ್ನು ಮುಂದೆ ಹಿಡಿದಳು. ಮೊದಲ ಸಂಬಳದ ಹಣವನ್ನು ಅದಕ್ಕೇ ಎತ್ತಿಟ್ಟಿದ್ದಳು. ತಾಯಿ ಸೆರಗು ಮುಂದೆಳೆದುಕೊಂಡು, “ಇಕಿಗಿ ಹುಚ್ಚ ಹಿಡದಾದ, ಸರ. ಆ ರೊಕ್ಕದಾಗ ಮಾಳಗಿ ಸೋರೋದಾದ್ರೂ ನಿಲ್ತದ” ಎಂದರು.

ನಾನು ವಿಜ್ಞಾನದ ಮಾಸ್ತರ, ವೈದ್ಯನಲ್ಲ. ಆದರೂ ಪಾಠ ಹೇಳುವ ಚಾಳಿ ಬಿಟ್ಟೀತೇ?

ಚರ್ಮದ ಒಳಪದರದಲ್ಲಿ ಮುಖ್ಯವಾಗಿ ಎರಡು ಬಗೆಯ ನಾರುಗಳಿವೆ. ಕೊಲಾಜನ್ ಎಂಬುದು ತೇರಿನ ಹಗ್ಗದಂತೆ: ಗಟ್ಟಿ, ಸುಲಭಕ್ಕೆ ಹಿಗ್ಗದು. ಎಲಾಸ್ಟಿನ್ ಎಂಬುದು ರಬ್ಬರಿನಂತೆ: ಎಳೆದರೆ ಹಿಗ್ಗಿ, ಬಿಟ್ಟರೆ ಮರಳುತ್ತದೆ. ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿ. ಮಕ್ಕಳ ಕೈಯಲ್ಲಿ ಅದು ತಟ್ಟನೆ ಮಟ್ಟಸವಾಗುತ್ತದೆ, ಅಜ್ಜಿಯ ಕೈಯಲ್ಲಿ ಗುಡ್ಡದಂತೆ ನಿಂತಿರುತ್ತದೆ. ಎಲಾಸ್ಟಿನ್ ಬಹುಪಾಲು ಬಾಲ್ಯದಲ್ಲೇ ತಯಾರಾಗಿ ಮುಗಿಯುತ್ತದೆ. ಕೊಲಾಜನ್ ಪ್ರಾಯ ಕಳೆದಂತೆ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಇನ್ನೂ ವೇಗವಾಗಿ.

ಬಿಸಿಲು ಇವೆರಡನ್ನೂ ಕಡಿಯುತ್ತದೆ. 28 ವರ್ಷ ಲಾರಿ ಓಡಿಸಿದ ಅಮೆರಿಕದ 69 ವರ್ಷದ ಚಾಲಕರೊಬ್ಬರ ಚಿತ್ರ 2012ರಲ್ಲಿ ಅಲ್ಲಿನ ವೈದ್ಯಪತ್ರಿಕೆಯಲ್ಲಿ ಅಚ್ಚಾಗಿತ್ತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಮಾತ್ರ ಜೋತು, ಸುಕ್ಕುಗಟ್ಟಿತ್ತು. ನೇರಳಾತೀತ ಕಿರಣಗಳಲ್ಲಿ ‘ಎ’ ಬಗೆಯವು ಗಾಜನ್ನೂ ದಾಟುತ್ತವೆ. ಇನ್ನು ಗಾಜೂ ಇಲ್ಲದೆ, ನಮ್ಮ ಊರಿನ ಬಿಸಿಲಿಗೆ ಮುಖವೊಡ್ಡಿ ದುಡಿದವರ ಪಾಡೇನು?

ರಸ್ತೆಯ ಅಂಚಿನಲ್ಲಿ ಹಲಗಿ ಬಾರಿಸುವವರು ಹಲಗಿಯನ್ನು ಬೆಂಕಿಗೆ ಕಾಸುತ್ತಿದ್ದರು. “ಮಷಿನ್ ಹಿಂಗೇ ಏನ್ರಿ ಸರ?” ಎಂದಳು ಹುಡುಗಿ. ಪ್ರಶ್ನೆ ಚೆನ್ನಾಗಿದೆ, ಉತ್ತರ ಮಾತ್ರ ‘ಅಲ್ಲ’. ಹಲಗಿಯದು ಸತ್ತ ಚರ್ಮ. ಕಾಸಿದಾಗ ತೇವ ಆರಿ ಬಿಗಿಯುತ್ತದೆ, ತೇವ ಹೀರಿದಾಗ ಮತ್ತೆ ಸಡಿಲ. ಜೀವಂತ ಚರ್ಮದೊಳಗೆ ಹದವಾದ ಬಿಸಿ ತಾಗಿದರೆ ಕೊಲಾಜನ್ ನಾರು ಕೊಂಚ ಕುಗ್ಗುತ್ತದೆ. ಬಳಿಕ ದೇಹವು ಇದನ್ನು ಗಾಯವೆಂದೇ ತಿಳಿದು ಹೊಸ ನಾರು ನೇಯತೊಡಗುತ್ತದೆ. ಈ ನೇಯ್ಗೆಗೆ ಎರಡು–ಮೂರು ತಿಂಗಳು, ಕೆಲವೊಮ್ಮೆ ಆರು ತಿಂಗಳು ಬೇಕು. ಎಂದರೆ ಎರಡು ತಿಂಗಳಾಚೆಯ ಮದುವೆಗೆ ಇದು ಒದಗುವ ಭರವಸೆಯಿಲ್ಲ. ಕರಪತ್ರದಲ್ಲಿ ಈ ಮಾತು ಇರಲಿಲ್ಲ.

ಯಂತ್ರಗಳ ನಡುವಿನ ವ್ಯತ್ಯಾಸ ಬಿಸಿ ಮುಟ್ಟಿಸುವ ಬಗೆಯಲ್ಲಿದೆ. ರೇಡಿಯೋ ತರಂಗದ ಯಂತ್ರದಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಬಾರಿ ದಿಕ್ಕು ಬದಲಿಸುತ್ತದೆ, ಚರ್ಮದ ರೋಧದಿಂದ ಶಾಖ ಹುಟ್ಟುತ್ತದೆ. ಅಮೆರಿಕದ ಔಷಧ ಆಡಳಿತ 2002ರಲ್ಲಿ ಇಂಥದೊಂದಕ್ಕೆ ಕಣ್ಣಂಚಿನ ಸುಕ್ಕಿಗೆಂದು ಅನುಮತಿ ಕೊಟ್ಟಿತು. ಈ ಶಾಖಕ್ಕೆ ಚರ್ಮದ ಬಣ್ಣದ ಹಂಗಿಲ್ಲವಾದ್ದರಿಂದ ನಮ್ಮಂಥ ಕಂದುಬಣ್ಣದವರಿಗೆ ಹೆಚ್ಚು ಹೊಂದುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಮಾತ್ರ ಕೂಡದು. ಭೂತಗನ್ನಡಿಯಿಂದ ಕಾಗದ ಸುಟ್ಟ ಆಟ ನೆನಪಿದೆಯಲ್ಲ, ಶ್ರವಣಾತೀತ ಧ್ವನಿಯ ಯಂತ್ರದ್ದು ಅದೇ ತತ್ವ. ಮೇಲ್ಪದರವನ್ನು ಬಿಟ್ಟು 4.5 ಮಿಲಿಮೀಟರಿನಷ್ಟು ಆಳದಲ್ಲಿ ಧ್ವನಿ ಒಂದೆಡೆ ಸೇರಿ ಚುಕ್ಕಿ ಚುಕ್ಕಿಯಾಗಿ ಸುಡುತ್ತದೆ. ನೋವು ಹೆಚ್ಚು, ಕೈ ತಪ್ಪಿದರೆ ನರಕ್ಕೇ ಪೆಟ್ಟು. ಲೇಸರ್ ಬೆಳಕನ್ನು ಚರ್ಮದ ಕಪ್ಪು ವರ್ಣಕ ಹೀರಿದರೆ ಸುಟ್ಟ ಕಲೆ ಉಳಿಯಬಹುದು. ಸೂಜಿ ಚುಚ್ಚಿ ರೇಡಿಯೋ ತರಂಗ ಹಾಯಿಸುವ ವಿಧಾನ ಈಗ ಬಹಳ ಪ್ರಚಾರದಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ಅದೇ ಅಮೆರಿಕದ ಆಡಳಿತ, ಇದರಿಂದ ಸುಟ್ಟಗಾಯ, ಕಲೆ, ಕೊಬ್ಬು ಕರಗಿ ಮುಖ ಗುಳಿಬೀಳುವುದು, ನರಹಾನಿ ಆದ ವರದಿಗಳಿವೆಯೆಂದು ಎಚ್ಚರಿಸಿದೆ.

ಯಾವುದೇ ಆದರೂ ಫಲ ಸಾಧಾರಣ, ಶಾಶ್ವತವೂ ಅಲ್ಲ. ಅಲ್ಪಸ್ವಲ್ಪ ಜೋತಿದ್ದರೆ ಉಪಯೋಗ. ಗಲ್ಲದ ಕೆಳಗೆ ಚೀಲದಂತೆ ತೂಗುತ್ತಿದ್ದರೆ ಯಂತ್ರಕ್ಕೆ ಸುರಿದ ಹಣ ನೀರುಪಾಲು. ನನ್ನನ್ನು ಕೇಳಿದರೆ ಯಂತ್ರದ ಹೆಸರಿಗಿಂತ ಅದನ್ನು ಹಿಡಿಯುವ ಕೈ ಯಾರದು ಎಂದು ಮೊದಲು ವಿಚಾರಿಸಬೇಕು. ಚರ್ಮರೋಗದಲ್ಲಿ ಓದಿ ನೋಂದಣಿಯಾದ ವೈದ್ಯರೇ, ಅಥವಾ ವಾರದ ತರಬೇತಿ ಪಡೆದ ಸಹಾಯಕರೇ? ನಮ್ಮಂಥ ಬಣ್ಣದವರಿಗೆ ಎಷ್ಟು ಸಲ ಮಾಡಿದ್ದಾರೆ? ಸುಟ್ಟರೆ ನೋಡಿಕೊಳ್ಳುವವರು ಯಾರು?

“ಮಾರಿಗಿ ಏನ್ ಹಚ್ತೀರಿ?” ಎಂದು ತಾಯಿಯನ್ನು ಕೇಳಿದೆ. ಸಂಚಿಯಿಂದ ಒಂದು ಟ್ಯೂಬು ಬಂತು. ಬಂಗಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತಂದದ್ದು, ಮೂರು ವರ್ಷದಿಂದ ದಿನವೂ ಹಚ್ಚುತ್ತಿದ್ದಾರೆ. ಸಣ್ಣಕ್ಷರದಲ್ಲಿ ಬೀಟಾಮೆಥಸೋನ್ ಎಂದಿತ್ತು. ಸ್ಟೀರಾಯ್ಡ್! ಮೊದಮೊದಲು ಮುಖ ಬೆಳ್ಳಗಾಗುತ್ತದೆ. ಆದರೆ ಬಹುಕಾಲ ಹಚ್ಚಿದರೆ ಕೊಲಾಜನ್ ತಯಾರಿ ಕುಂದಿ ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ. 2018ರಲ್ಲಿ ಸರಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟುಮಾಡಿದೆ. ಮಗಳಿಗೆ ಈ ಟ್ಯೂಬಿನ ಸಂಗತಿಯೇ ಗೊತ್ತಿರಲಿಲ್ಲ. “ನೀ ಹಾಸ್ಟೆಲಿನಾಗಿದ್ದಿ, ಯಾರಿಗೆ ಕೇಳ್ಲಿ?” ಎಂದರು ತಾಯಿ. ಹುಡುಗಿ ಕರಪತ್ರವನ್ನು ಮಡಿಚಿಟ್ಟಳು.

ಅವರು ಚರ್ಮರೋಗದ ವೈದ್ಯರ ಬಳಿಗೇ ಹೋದರು. ಇಂಥ ಮುಲಾಮನ್ನು ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿಯುವುದರಿಂದ ಮೆಲ್ಲಗೆ ಬಿಡಿಸಿದರು. ಚರ್ಮ ಸುಧಾರಿಸುವ ತನಕ ಯಾವ ಯಂತ್ರವೂ ಬೇಡ ಎಂದರು. ಬಿಸಿಲುತಡೆ ಮುಲಾಮು ಬರೆದುಕೊಟ್ಟರು. ಅದು ಅಗ್ಗದ ಸಮಾಧಾನವಲ್ಲ: ಆಸ್ಟ್ರೇಲಿಯದಲ್ಲಿ 55 ವರ್ಷದೊಳಗಿನ 903 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷ ದಿನವೂ ಹಚ್ಚಿದವರ ಚರ್ಮದಲ್ಲಿ ಮುಪ್ಪಿನ ಗುರುತು ಶೇ. 24ರಷ್ಟು ಕಡಿಮೆಯಿತ್ತು.

ಮದುವೆಗೆ ನಾನೂ ಹೋಗಿದ್ದೆ. ತಾಯಿಯ ಮುಖದ ಕೆಂಪು ಪೂರ್ತಿ ಇಳಿದಿರಲಿಲ್ಲ. ಫೋಟೋದವನು ಕರೆದಾಗ ಮುಂಚಿನಂತೆಯೇ ಸೆರಗು ಮುಂದೆಳೆದುಕೊಂಡರು. ಮಗಳು ಅದನ್ನು ಹಿಂದೆ ಸರಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮಾಳಿಗೆಯ ದುರಸ್ತಿ ಮಳೆಗಾಲದ ಮೊದಲೇ ಮುಗಿಯಿತಂತೆ.