ಟೇಪಿಗೆ ಸಿಗುವ ಕೊಂಬು, ಟೇಪಿಗೆ ಸಿಗದ ಗಾಂಜಾ

ನವೆಂಬರ್ 15 ಅಂದರೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕ್ಯಾಲೆಂಡರಿನಲ್ಲಿಲ್ಲದ ಹಬ್ಬ. ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ಅಂದು ರಜೆ. ಡೆಟ್ರಾಯಿಟ್ ಸುತ್ತಿನ ಕಾರು ಕಂಪನಿಗಳಲ್ಲಿರುವ ಕನ್ನಡಿಗರು ಆ ವಾರ ಮೀಟಿಂಗ್ ಕರೆದರೆ ಕೆಲವು ಕುರ್ಚಿಗಳು ಖಾಲಿಯೇ ಇರುತ್ತವೆ. ಆ ಕುರ್ಚಿಯವರು ಬೆಳಕು ಹರಿಯುವ ಮೊದಲೇ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಮರಕ್ಕೆ ಕಟ್ಟಿದ ಅಟ್ಟಣೆ ಏರಿ, ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನಮ್ಮ ಮಲೆನಾಡಿನ ಹಿರಿಯರು ಇದನ್ನೇ ‘ಮರಸು ಕೂರುವುದು’ ಎನ್ನುತ್ತಿದ್ದರು. ಅಂದಿನಿಂದ ನವೆಂಬರ್ 30ರವರೆಗೆ ಅಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಕಾಲ.

ಹಾಗೆ ಕೂತವರ ಜೇಬಿನಲ್ಲಿ ರಾಜ್ಯ ಸರ್ಕಾರ ಕೊಟ್ಟ ಬೇಟೆಯ ಟ್ಯಾಗ್ ಇರುತ್ತದೆ. ಕೆಲವರ ಜೇಬಿನಲ್ಲಿ ಅದೇ ರಾಜ್ಯ ಪರವಾನಗಿ ಕೊಟ್ಟ ಅಂಗಡಿಯಿಂದ ರಸೀದಿ ಸಮೇತ ಕೊಂಡ ಗಾಂಜಾ ಕೂಡ ಇರಬಹುದು. ಎರಡಕ್ಕೂ ಮಿಷಿಗನ್ನಿನ ಒಪ್ಪಿಗೆಯಿದೆ. ಆದರೆ ಗಾಂಜಾ ಸೇದುವ ಮನುಷ್ಯನ ಕೈಗೆ ಬಂದೂಕು ಬಂದರೆ ಕೇಂದ್ರದ, ಅಂದರೆ ಫೆಡರಲ್, ಕಾನೂನಿನಲ್ಲಿ ಅದು ಗರಿಷ್ಠ 15 ವರ್ಷ ಸಜೆಯ ಅಪರಾಧ. ಈ ಗಂಟು ಬಿಡಿಸಬೇಕಾದರೆ ಮೊದಲು ಕೊಂಬಿನ ಲೆಕ್ಕ ನೋಡಬೇಕು.

ವರ್ಷಕ್ಕೊಮ್ಮೆ ಉದುರುವ ಮೂಳೆ

ಕನ್ನಡದಲ್ಲಿ ನಾವು ಎಲ್ಲವನ್ನೂ ಕೊಂಬು ಎಂದುಬಿಡುತ್ತೇವೆ. ಎಮ್ಮೆಯದು, ಕೃಷ್ಣಮೃಗದ್ದು ಒಂದು ಬಗೆ. ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನ ಜಾತಿಯ ಕವಚ. ಒಮ್ಮೆ ಬಂದರೆ ಸಾಯುವವರೆಗೂ ಇರುತ್ತದೆ. ಸಾರಗ, ಕಡವೆ ಮತ್ತು ಅಮೆರಿಕದ ಬಿಳಿಬಾಲದ ಜಿಂಕೆಯದು ಬೇರೆ ಬಗೆ. ಅದು ಇಡಿಯಾಗಿ ಮೂಳೆ, ಕವಲೊಡೆಯುತ್ತದೆ, ಪ್ರತಿ ವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಬಿಳಿಬಾಲದ ಜಿಂಕೆಯಲ್ಲಿ ಕೊಂಬು ಗಂಡಿನ ಸೊತ್ತು.

ಬೆಳವಣಿಗೆಯನ್ನು ನಡೆಸುವುದು ಹಗಲಿನ ಉದ್ದ. ವಸಂತದಲ್ಲಿ ಹಗಲು ಹಿಗ್ಗಿದಂತೆ ತಲೆಬುರುಡೆಯ ಎರಡು ಗುಬುಟುಗಳಿಂದ ಕೊಂಬು ಮೊಳೆಯುತ್ತದೆ. ಬೇಸಿಗೆಯುದ್ದಕ್ಕೂ ಅದರ ಮೇಲೆ ರಕ್ತನಾಳ ತುಂಬಿದ, ಮಖಮಲ್ಲಿನಂಥ ಚರ್ಮ. ಈ ಹಂತದಲ್ಲಿ ಮುಟ್ಟಿದರೆ ಬೆಚ್ಚಗಿರುತ್ತದೆ. ಪ್ರಾಣಿಲೋಕದಲ್ಲೇ ಅತಿ ವೇಗವಾಗಿ ಬೆಳೆಯುವ ಅಂಗಾಂಶಗಳಲ್ಲಿ ಇದೂ ಒಂದು. ಹಗಲು ಕುಗ್ಗಿದಂತೆ ಗಂಡು ಹಾರ್ಮೋನು ಏರಿ ಮೂಳೆ ಗಟ್ಟಿಯಾಗುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಜಿಂಕೆ ಮರಕ್ಕೆ ತಲೆ ಉಜ್ಜಿ ಒಣಗಿದ ಚರ್ಮ ಕಳಚಿಕೊಳ್ಳುತ್ತದೆ. ನವೆಂಬರ್ ಬೆದೆಯ ಕಾಲ. ಬೇರೆ ತಿಂಗಳಲ್ಲಿ ನೆರಳಿಗೂ ಬೆದರುವ ಗಂಡು ಆಗ ಹೆಣ್ಣಿನ ಜಾಡು ಹಿಡಿದು ಹಾಡಹಗಲೇ ಓಡಾಡುತ್ತದೆ. ಬೇಟೆಗಾರರು ನವೆಂಬರಿಗೆ ಕಾಯುವುದು ಇದಕ್ಕೇ. ಚಳಿಗಾಲದ ಕೊನೆಗೆ ಹಾರ್ಮೋನು ಇಳಿದು ಕೊಂಬು ಉದುರಿಬೀಳುತ್ತದೆ.

ಕೊಂಬು ದೊಡ್ಡದಾಗಲು ವಯಸ್ಸು, ಮೇವು, ವಂಶ ಮೂರೂ ಕೂಡಬೇಕು. ಇವುಗಳಲ್ಲಿ ಮನುಷ್ಯನ ಕೈಯಲ್ಲಿರುವುದು ಮುಖ್ಯವಾಗಿ ವಯಸ್ಸು. ಒಂದೂವರೆ ವರ್ಷದ ಮರಿಗಂಡನ್ನು ಕೊಲ್ಲದೆ ಬಿಟ್ಟರೆ ಐದಾರು ವರ್ಷಕ್ಕೆ ಅದರ ಕೊಂಬು ಪೂರ್ತಿ ಬಲಿಯುತ್ತದೆ. ಕವಲು ಎಣಿಸಿ ವಯಸ್ಸು ಹೇಳಬಹುದು ಎಂಬ ನಂಬಿಕೆ ಮಾತ್ರ ಸುಳ್ಳು. ವಯಸ್ಸು ತಿಳಿಯಲು ದವಡೆಯ ಹಲ್ಲಿನ ಸವೆತ ನೋಡಬೇಕು.

ಅಳತೆಯ ಪಾಠ

ಅಮೆರಿಕದಲ್ಲಿ ‘ಟ್ರೋಫಿ’ ಅನ್ನಿಸಿಕೊಳ್ಳಲು ಕಣ್ಣಳತೆ ಸಾಲದು. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ 1950ರಲ್ಲಿ ಜಾರಿಗೆ ತಂದ ಅಳತೆಯ ಪದ್ಧತಿಯೇ ಇಂದಿಗೂ ಪ್ರಮಾಣ. ಕೊಂಬನ್ನು ಮೊದಲು 60 ದಿನ ಒಣಗಲು ಬಿಡಬೇಕು, ಏಕೆಂದರೆ ಒಣಗಿದಾಗ ಅದು ಕುಗ್ಗುತ್ತದೆ. ಆಮೇಲೆ ತರಬೇತಾದ ಅಳತೆಗಾರ ಕಾಲಿಂಚು ಅಗಲದ ಉಕ್ಕಿನ ಟೇಪು ಹಿಡಿದು ಇಂಚಿನ ಎಂಟನೇ ಒಂದು ಭಾಗದವರೆಗೆ ಅಳೆಯುತ್ತಾನೆ. ಕವಲು ಎಂದು ಲೆಕ್ಕಕ್ಕೆ ಬರಲು ಕನಿಷ್ಠ ಒಂದಿಂಚು ಉದ್ದವಿರಬೇಕು.

ಎರಡೂ ಕಡೆ ನಾಲ್ಕು ನಾಲ್ಕು ತುದಿಯಿರುವ, ‘ಎಂಟರ ಗಂಡು’ ಎಂದು ಕರೆಯುವ ಕೊಂಬೊಂದನ್ನು ಉದಾಹರಣೆಗೆ ಮೇಜಿನ ಮೇಲಿಡೋಣ. ಬುಡದಿಂದ ತುದಿಯವರೆಗೆ ಹೋಗುವ ಮುಖ್ಯ ದಿಂಡು ಬಲಕ್ಕೆ 22 ಇಂಚು, ಎಡಕ್ಕೆ 21. ಮೊದಲ ಕವಲು ಎರಡೂ ಕಡೆ 4. ಎರಡನೆಯದು ಬಲಕ್ಕೆ 9, ಎಡಕ್ಕೆ 8½. ಮೂರನೆಯದು 7½ ಮತ್ತು 7. ದಿಂಡಿನ ಸುತ್ತಳತೆಯನ್ನು ಪ್ರತಿ ಕಡೆ ನಾಲ್ಕು ಜಾಗದಲ್ಲಿ ತೆಗೆದು ಕೂಡಿಸಿದರೆ ಎರಡೂ ಕಡೆ 15½. ಅಂದರೆ ಬಲದ ಮೊತ್ತ 58, ಎಡದ್ದು 56. ಎರಡು ದಿಂಡುಗಳ ನಡುವಿನ ಒಳ ಅಗಲ 17. ಎಲ್ಲ ಸೇರಿ 131. ಇಷ್ಟಕ್ಕೆ ಮುಗಿಯಲಿಲ್ಲ, ಎಡಬಲದ ವ್ಯತ್ಯಾಸಗಳನ್ನು ಕಳೆಯಬೇಕು. ದಿಂಡಿನಲ್ಲಿ 1, ಎರಡನೇ ಕವಲಿನಲ್ಲಿ ½, ಮೂರನೆಯದರಲ್ಲಿ ½, ಒಟ್ಟು 2. ಉಳಿದದ್ದು 129.

ಬಂದೂಕಿನ ಬೇಟೆ ಬೂನ್ ಅಂಡ್ ಕ್ರಾಕೆಟ್ ದಾಖಲೆಪುಸ್ತಕದ ಕೆಳಗಿನ ಮೆಟ್ಟಿಲು ಹತ್ತಲೂ 160 ಬೇಕು. ಸಾರ್ವಕಾಲಿಕ ಪಟ್ಟಿಗೆ 170. ನಮ್ಮ 129 ಅಲ್ಲಿ ಬಾಗಿಲ ಹತ್ತಿರಕ್ಕೂ ಬರುವುದಿಲ್ಲ. 1993ರಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಮಿಲೋ ಹ್ಯಾನ್ಸನ್ ಎಂಬ ರೈತ ಹೊಡೆದ ಜಿಂಕೆಯದು 213 5/8. ಅದಕ್ಕೂ ಹಿಂದೆ ಮೊದಲ ಸ್ಥಾನದಲ್ಲಿದ್ದ ಜಿಂಕೆಯ ಕಥೆ ಇನ್ನೂ ಸ್ವಾರಸ್ಯದ್ದು. 1914ರಲ್ಲಿ ವಿಸ್ಕಾನ್ಸಿನ್‌ನ ಡ್ಯಾನ್‌ಬರಿ ಬಳಿ ಜೇಮ್ಸ್ ಜೋರ್ಡನ್ ಅದನ್ನು ಹೊಡೆದು, ತಲೆಯನ್ನು ಹದ ಮಾಡಲು ಒಬ್ಬನಿಗೆ ಕೊಟ್ಟ. ಆತ ಊರು ಬಿಟ್ಟ, ಕೊಂಬೂ ಹೋಯಿತು. ಐವತ್ತು ವರ್ಷದ ಮೇಲೆ ಮಿನ್ನೆಸೋಟದ ಹಳೇ ಸಾಮಾನಿನ ಮಾರಾಟದಲ್ಲಿ ಯಾರೋ ಅದನ್ನು 3 ಡಾಲರಿಗೆ ಕೊಂಡರು. ಅಳೆದರೆ 206 1/8! ಹೊಡೆದವನು ಜೋರ್ಡನ್ನೇ ಎಂದು ಕ್ಲಬ್ ಒಪ್ಪಿದ್ದು 1978ರಲ್ಲಿ, ಆತ ತೀರಿಕೊಂಡ ಮೇಲೆ. ಹೊಡೆದವನ ಹೆಸರು ಕಳೆದುಹೋಗಿತ್ತು, ಅಳತೆ ಮಾತ್ರ ಕೊಂಬಿನಲ್ಲೇ ಉಳಿದಿತ್ತು.

ಜಿಂಕೆ ಯಾರದು?

ಅಲ್ಲಿ ಕಾಡುಪ್ರಾಣಿ ಜಮೀನಿನ ಮಾಲೀಕನದಲ್ಲ, ಜನರ ಪರವಾಗಿ ರಾಜ್ಯದ್ದು. ಹಾಗಾಗಿ ಎಷ್ಟು, ಯಾವಾಗ, ಯಾವುದನ್ನು ಹೊಡೆಯಬಹುದು ಎಂದು ಹೇಳುವುದು ರಾಜ್ಯ. 1960ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಮಿಷಿಗನ್‌ನಲ್ಲಿ ಬೇಟೆಯ ಸುರಕ್ಷತಾ ತರಬೇತಿ ಮುಗಿಸಿರಬೇಕು. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆ. ಕೊಂದ ಜಿಂಕೆಗೆ ಟ್ಯಾಗ್ ಕಟ್ಟಿ, 72 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಮಾಡಬೇಕು. ಮಾಂಸವನ್ನು ಮನೆಗೆ ಒಯ್ಯಬಹುದು, ಹಂಚಬಹುದು, ಮಾರುವ ಹಾಗಿಲ್ಲ.

ನಮಗೆ ಇದು ಒಗಟಿನಂತೆ ಕಾಣುವುದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಸಾರಗ, ಕಡವೆಯನ್ನು ಹೊಡೆಯುವುದಿರಲಿ, ಬಂಡೀಪುರದ ಕಾಡಿನಲ್ಲಿ ಉದುರಿದ ಕೊಂಬನ್ನು ಆರಿಸಿ ಮನೆಗೆ ತಂದರೂ ಅಪರಾಧ. ಅಮೆರಿಕ ಹಿಡಿದ ದಾರಿ ಬೇರೆ. 1900ರ ಹೊತ್ತಿಗೆ ಅಲ್ಲಿ ಮಾಂಸದ ವ್ಯಾಪಾರಕ್ಕಾಗಿ ಹೊಡೆದು ಹೊಡೆದು ಬಿಳಿಬಾಲದ ಜಿಂಕೆ ಕೆಲವೇ ಲಕ್ಷಕ್ಕಿಳಿದಿತ್ತು. ವ್ಯಾಪಾರ ನಿಲ್ಲಿಸಿ, ಲೈಸೆನ್ಸ್ ತಂದು, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬೇಟೆಯ ಬಂದೂಕು, ಮದ್ದುಗುಂಡಿನ ಮೇಲಿನ ಶೇ. 11 ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟರು. ಈಗ ಸುಮಾರು 3 ಕೋಟಿ ಜಿಂಕೆಗಳಿವೆ. ಎಷ್ಟೋ ಕಡೆ ಅವನ್ನು ಹಿಡಿದು ತಿನ್ನುವ ತೋಳವಿಲ್ಲ. ಮಿಷಿಗನ್ ಒಂದರಲ್ಲೇ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ.

ಟ್ರೋಫಿಯ ಆಸೆಗೂ ಒಂದು ತೊಡಕಿದೆ. ಜಿಂಕೆಯನ್ನು ಸೊರಗಿಸಿ ಕೊಲ್ಲುವ, ಮದ್ದಿಲ್ಲದ ‘ಕ್ರಾನಿಕ್ ವೇಸ್ಟಿಂಗ್’ ರೋಗ ವಯಸ್ಸಾದ ಗಂಡುಗಳಲ್ಲಿ ಹೆಚ್ಚು. ದೊಡ್ಡ ಕೊಂಬಿಗಾಗಿ ಗಂಡನ್ನು ಬಲಿಯಲು ಬಿಟ್ಟರೆ ರೋಗಕ್ಕೂ ಜಾಗ ಕೊಟ್ಟಂತೆ ಎಂಬ ವಾದ ಅಲ್ಲಿನ ಬೇಟೆಗಾರರಲ್ಲೇ ನಡೆಯುತ್ತಿದೆ.

ಫಾರಂ ಮೇಲಿನ ಒಂದು ಪ್ರಶ್ನೆ

ಈಗ ಇನ್ನೊಂದು ಜೇಬು. 2018ರ ನವೆಂಬರಿನಲ್ಲಿ ಮಿಷಿಗನ್ನಿನ ಮತದಾರರು ಶೇ. 56ರಷ್ಟು ಮತ ಕೊಟ್ಟು ಗಾಂಜಾವನ್ನು ಕಾನೂನುಬದ್ಧ ಮಾಡಿದರು. 21 ತುಂಬಿದವರು ಎರಡೂವರೆ ಔನ್ಸ್ ಇಟ್ಟುಕೊಂಡು ತಿರುಗಬಹುದು, ಮನೆಯಲ್ಲಿ 12 ಗಿಡ ಬೆಳೆಸಬಹುದು. ಚಿಕಿತ್ಸೆಯ ಬಳಕೆಗೆ 2008ರಲ್ಲೇ ಒಪ್ಪಿಗೆಯಿತ್ತು. ಪಕ್ಕದ ವಿಸ್ಕಾನ್ಸಿನ್ ಇನ್ನೂ ಒಪ್ಪಿಲ್ಲ.

ಆದರೆ 1970ರ ಫೆಡರಲ್ ಕಾನೂನು ಗಾಂಜಾವನ್ನು ಹೆರಾಯಿನ್ ಜೊತೆ ಅತಿ ಕಠಿಣ ಪಟ್ಟಿಯಲ್ಲಿಟ್ಟಿತು. ಅದನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ ಬಂದದ್ದು 2024ರಲ್ಲಿ. ಇನ್ನು 1968ರ ಬಂದೂಕು ನಿಯಂತ್ರಣ ಕಾಯ್ದೆಯಿಂದ ಬಂದ ನಿಯಮದ ಪ್ರಕಾರ ಮಾದಕ ವಸ್ತುವಿನ ‘ಕಾನೂನುಬಾಹಿರ ಬಳಕೆದಾರ’ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಂಗಡಿಯಲ್ಲಿ ರೈಫಲ್ ಕೊಳ್ಳುವಾಗ ತುಂಬುವ 4473 ನಂಬರಿನ ಫಾರಂ ಇದನ್ನು ನೇರವಾಗಿ ಕೇಳುತ್ತದೆ. ನಿಮ್ಮ ರಾಜ್ಯ ಒಪ್ಪಿದ್ದರೂ ಫೆಡರಲ್ ಕಾನೂನು ಒಪ್ಪಿಲ್ಲ ಎಂಬ ಎಚ್ಚರಿಕೆಯನ್ನೂ ಅದರಲ್ಲಿ ಸೇರಿಸಿದ್ದರು. ಉತ್ತರಕ್ಕೆ ಇರುವುದು ಎರಡೇ ಚೌಕ: ಹೌದು, ಇಲ್ಲ. ಹೌದೆಂದರೆ ಬಂದೂಕು ಸಿಗದು. ಸುಳ್ಳು ಹೇಳಿ ಇಲ್ಲವೆಂದರೆ ಅದೇ ಬೇರೆ ಅಪರಾಧ. 2024ರಲ್ಲಿ ಆಗಿನ ಅಧ್ಯಕ್ಷ ಬೈಡನ್ನರ ಮಗ ಹಂಟರ್ ತಪ್ಪಿತಸ್ಥನಾದದ್ದು ಇದೇ ಫಾರಂ, ಇದೇ ನಿಯಮದಡಿ. ಅಲ್ಲಿದ್ದದ್ದು ಕೊಕೇನ್, ಕೊನೆಗೆ ತಂದೆಯೇ ಕ್ಷಮಾದಾನ ಕೊಟ್ಟರು.

ಕೊಂಬಿನ ಕವಲಿಗೆ ಒಂದಿಂಚು ಎಂಬ ಗೆರೆಯಿದೆ. ‘ಬಳಕೆದಾರ’ ಯಾರು ಎಂಬುದಕ್ಕೆ ಕಾಯ್ದೆಯಲ್ಲಿ ಅಂಥ ಗೆರೆಯಿಲ್ಲ. ನಿನ್ನೆ ಸೇದಿದವನೇ, ಕಳೆದ ತಿಂಗಳು ಸೇದಿದವನೇ, ಮಂಡಿನೋವಿಗೆ ರಾತ್ರಿ ಒಂದು ತುಣುಕು ತಿನ್ನುವವನೇ? ಕೋರ್ಟುಗಳು ಒಂದೊಂದು ರೀತಿ ಹೇಳಿದ್ದರಿಂದ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಒಂದು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು.

ಜಾಗವೂ ಮುಖ್ಯ. ಮಿಷಿಗನ್ನಿನಲ್ಲಿ ಹ್ಯುರಾನ್-ಮನಿಸ್ಟಿ, ಹಯಾವಾಥಾ, ಒಟ್ಟಾವಾದಂಥ ರಾಷ್ಟ್ರೀಯ ಅರಣ್ಯಗಳಿವೆ. ಅವು ಫೆಡರಲ್ ನೆಲ. ಅಲ್ಲಿ ಬೇಟೆಗೆ ರಾಜ್ಯದ ಟ್ಯಾಗ್ ಸಾಕು, ಜೇಬಿನ ಗಾಂಜಾ ಮಾತ್ರ ಅಪರಾಧ.

ಬೆಂಕಿ ಸುತ್ತಲಿನ ವಾದ

ದೇಶದ ಅಭಿಪ್ರಾಯ ಎಷ್ಟು ತಿರುಗಿದೆ ಎಂಬುದಕ್ಕೆ ಗ್ಯಾಲಪ್ ಸಮೀಕ್ಷೆ ಸಾಕ್ಷಿ. 1969ರಲ್ಲಿ ಶೇ. 12 ಜನ ಕಾನೂನುಬದ್ಧತೆಯ ಪರ, 2023ರಲ್ಲಿ ಶೇ. 70.

ಪರವಿರುವವರ ಮಾತು ನೇರ. ದಿನಾ ರಾತ್ರಿ ಬಿಯರ್ ಕುಡಿಯುವವನಿಗೆ ಬಂದೂಕು ಇರಬಹುದು, ಬೆನ್ನುನೋವಿಗೆ ಗಾಂಜಾ ತೆಗೆದುಕೊಳ್ಳುವವನಿಗೆ ಯಾಕಿಲ್ಲ? ಅಂಗಡಿಯ ಸರಕು ಪರೀಕ್ಷೆಯಾಗಿ ಬರುತ್ತದೆ, ತೆರಿಗೆ ಶಾಲೆಗೆ, ರಸ್ತೆಗೆ ಹೋಗುತ್ತದೆ.

ವಿರೋಧಿಗಳ ಮಾತಿನಲ್ಲೂ ತೂಕವಿದೆ. ಇಂದಿನ ಗಾಂಜಾದ ಅಮಲು ಮೂವತ್ತು ವರ್ಷದ ಹಿಂದಿನದಕ್ಕಿಂತ ಹಲವು ಪಟ್ಟು ಹೆಚ್ಚು. ಬೆಳೆಯುವ ಮಿದುಳಿಗೆ ಅದು ಒಳ್ಳೆಯದಲ್ಲ. ಮದ್ಯಕ್ಕೆ ರಕ್ತದಲ್ಲಿ ಶೇ. 0.08 ಎಂಬ ಮಿತಿಯಿದೆ, ಊದಿಸಿ ನೋಡಬಹುದು. ಗಾಂಜಾದ ಅಂಶ ಅಮಲಿಳಿದ ಮೇಲೂ ದಿನಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನು ಈಗ ಅಮಲಿನಲ್ಲಿದ್ದಾನೋ ಇಲ್ಲವೋ ಹೇಳುವುದು ಹೇಗೆ?

ನಡುವಿನವರು ಹೇಳುವುದು ಇಷ್ಟು: ಗಾಂಜಾ ಇರಲಿ, ಆದರೆ ಅಮಲಿನಲ್ಲಿ ಬಂದೂಕು ಬೇಡ. ಮಿಷಿಗನ್ನಿನ ಕಾನೂನೂ ಮದ್ಯವಿರಲಿ, ಮಾದಕ ವಸ್ತುವಿರಲಿ, ಅಮಲಿನ ಬೇಟೆಯನ್ನು ನಿಷೇಧಿಸುತ್ತದೆ. ನನಗೆ ಸರಿ ಕಾಣುವುದು ಇದೇ. ಶಿಕ್ಷೆ ಅಮಲಿಗೆ ಇರಲಿ, ಹಣೆಪಟ್ಟಿಗೆ ಬೇಡ.

ನಮ್ಮವರು ಗಮನಿಸಬೇಕಾದದ್ದು

ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಫೆಡರಲ್ ಕಾನೂನು ಬಂದೂಕು ನಿಷೇಧಿಸುತ್ತದೆ. ಆದರೆ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗಾಂಜಾ ವಿಷಯದಲ್ಲಿ ಅಂಥ ಕಿಟಕಿ ಇಲ್ಲ. ರಾಜ್ಯ ಒಪ್ಪಿದ ಬಳಕೆಯೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರಲ್ಲೇ ಸ್ಪಷ್ಟಪಡಿಸಿದೆ. ನಿಯಮಗಳು ಬದಲಾಗುತ್ತಿರುತ್ತವೆ, ಹೆಜ್ಜೆ ಇಡುವ ಮೊದಲು ವಲಸೆ ವಕೀಲರನ್ನು ಕೇಳುವುದು ಜಾಣತನ.

ಬಂದೂಕು ಬಿಟ್ಟು ಗಾಂಜಾವನ್ನೇ ಆರಿಸಿಕೊಂಡ ಮಂಡಿನೋವಿನ ಬೇಟೆಗಾರನಿಗೆ ಒಂದು ದಾರಿ ಉಳಿದಿದೆ. ಫೆಡರಲ್ ನಿಯಮ ಹೇಳುವುದು ಬಂದೂಕಿನ ಮಾತು; ಬಿಲ್ಲು ಬಂದೂಕಲ್ಲ. ಅಮಲಿಲ್ಲದ ತಲೆಯಿದ್ದರೆ ಅಕ್ಟೋಬರ್ 1ಕ್ಕೆ, ಉಳಿದವರಿಗಿಂತ ಆರು ವಾರ ಮುಂಚೆಯೇ, ಆತ ಬಿಲ್ಲು ಹಿಡಿದು ಅಟ್ಟಣೆ ಏರಬಹುದು. ಬಿಲ್ಲುಗಾರರ ದಾಖಲೆಪುಸ್ತಕ ಬೇರೆ, ಪೋಪ್ ಅಂಡ್ ಯಂಗ್ ಕ್ಲಬ್ಬಿನದು. ಬಿಲ್ಲಿಗೆ ಜಿಂಕೆ ತೀರ ಹತ್ತಿರ ಬರಬೇಕು, ಹಾಗಾಗಿ ಅಲ್ಲಿನ ಕನಿಷ್ಠ ಅಳತೆ 125. ನಾವು ಮೇಜಿನ ಮೇಲಿಟ್ಟ ಆ 129 ಇಂಚಿನ ಕೊಂಬು ಈ ಪುಸ್ತಕಕ್ಕೆ ಹತ್ತುತ್ತದೆ.