ಪ್ರಶಸ್ತಿಯ ಪಟ್ಟಿಯೂ ಚರಿತ್ರೆಯ ಆಧಾರವೂ

ಸ್ಥಳೀಯ ಚರಿತ್ರೆಯನ್ನು ಬರೆಯಲು ಹೊರಟ ವಿದ್ಯಾರ್ಥಿಯು ಕಲಾವಿದರ ವಿಷಯಕ್ಕೆ ಬಂದೊಡನೆ ಮೊದಲು ಅರಸುವುದು ಪ್ರಶಸ್ತಿಗಳ ಪಟ್ಟಿಯನ್ನು. ಇದಕ್ಕೆ ಕಾರಣವೂ ಉಂಟು. ಪಟ್ಟಿಯಲ್ಲಿ ವರ್ಷವಿರುತ್ತದೆ, ಹೆಸರಿರುತ್ತದೆ, ಕೊಟ್ಟವರ ಮುದ್ರೆಯಿರುತ್ತದೆ. ಶಾಸನವನ್ನು ಓದುವಾಗಲಾದರೋ ಅದನ್ನು ಹಾಕಿಸಿದವರಾರು, ಯಾವ ದಾನವನ್ನು ದಾಖಲಿಸಲು ಹಾಕಿಸಿದರು ಎಂದು ನಾವು ಕೇಳುತ್ತೇವೆ; ಪ್ರಶಸ್ತಿಯ ಪಟ್ಟಿಗೆ ಈ ಪ್ರಶ್ನೆಯನ್ನು ಹಾಕುವವರು ವಿರಳ. ಚಲನಚಿತ್ರ ಮತ್ತು ದೂರದರ್ಶನಗಳ ಪ್ರಶಸ್ತಿಗಳನ್ನು ನಮ್ಮ ಬನಹಟ್ಟಿಯ ಸುತ್ತಲಿನ ಉದಾಹರಣೆಗಳಿಂದಲೇ ಹೀಗೆ ಪರೀಕ್ಷಿಸಿ ನೋಡಬಹುದು.

ಭಾರತ ಸರ್ಕಾರವು ಚಲನಚಿತ್ರಗಳಿಗೆ ಪ್ರಶಸ್ತಿ ಕೊಡಲಾರಂಭಿಸಿದುದು 1954ರಲ್ಲಿ, 1953ರ ಚಿತ್ರಗಳಿಗೆ. ರಾಷ್ಟ್ರಪತಿಗಳ ಮೊದಲ ಸುವರ್ಣ ಪದಕ ಮರಾಠಿಯ ‘ಶ್ಯಾಮ್‌ಚಿ ಆಯಿ’ ಚಿತ್ರಕ್ಕೆ ಸಂದಿತು. ಮರುವರ್ಷದ ಪಟ್ಟಿಯಲ್ಲಿ ಕನ್ನಡದ ‘ಬೇಡರ ಕಣ್ಣಪ್ಪ’ನಿಗೆ ಅರ್ಹತಾಪತ್ರ ದೊರೆಯಿತು. ಆ ದಿನಗಳಲ್ಲಿ ಬಹುಮಾನ ಚಿತ್ರಕ್ಕೇ ಹೊರತು ವ್ಯಕ್ತಿಗಲ್ಲ. ನಟ, ನಟಿ, ಹಿನ್ನೆಲೆ ಗಾಯಕರೆಂಬ ವಿಭಾಗಗಳು ಸೇರಿದುದು 1967ರ ಚಿತ್ರಗಳ ಸರದಿಯಲ್ಲಿ; ಶ್ರೇಷ್ಠ ಹಿನ್ನೆಲೆ ಗಾಯಕಿಯೆಂಬ ಮನ್ನಣೆ ಮೊದಲು ಪಿ. ಸುಶೀಲಾ ಅವರಿಗೆ ಸಂದುದು 1968ರ ಚಿತ್ರವೊಂದಕ್ಕೆ. ಖಾಸಗಿಯಾದ ಫಿಲ್ಮ್‌ಫೇರ್ ಪ್ರಶಸ್ತಿಯೂ 1954ರಲ್ಲಿಯೇ ಹುಟ್ಟಿತಾದರೂ ಹಿನ್ನೆಲೆ ಗಾಯನವನ್ನು ಅದು ಗಣನೆಗೆ ತಂದುಕೊಂಡುದು 1959ರಲ್ಲಿ.

ಈ ತೇದಿಗಳನ್ನು ಮುಂದಿಟ್ಟುಕೊಂಡು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಬಾಳನ್ನು ನೋಡಬೇಕು. ನಮ್ಮ ನೆರೆಯ ಆ ಊರಿನಿಂದ ಮುಂಬಯಿಗೆ ಹೋದ ಈಕೆ ನಟಿಯಾಗಿ, ಅದಕ್ಕಿಂತ ಹೆಚ್ಚಾಗಿ ಗಾಯಕಿಯಾಗಿ ಹೆಸರಾದರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಅವರು ಹಾಡಿದ ಹಾಡುಗಳು ದೇಶದ ಉದ್ದಗಲಕ್ಕೂ ಹಬ್ಬಿದುವು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಜನರು ಅವರನ್ನು ‘ಕನ್ನಡ ಕೋಗಿಲೆ’ ಎಂದು ಕರೆದರು. ಅವರು ತೀರಿಕೊಂಡುದು 1965ರಲ್ಲಿ. ಅಂದರೆ ಅವರ ಉಚ್ಛ್ರಾಯ ಕಾಲದಲ್ಲಿ ಪ್ರಶಸ್ತಿಯೇ ಇರಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಗಾಯನಕ್ಕೆ ಸ್ಥಳ ದೊರೆಯುವ ಹೊತ್ತಿಗೆ ಅವರೇ ಇರಲಿಲ್ಲ. ಪಟ್ಟಿಯನ್ನೇ ನಂಬಿ ಬರೆದ ಚರಿತ್ರೆಯಲ್ಲಿ ಬೀಳಗಿಯ ಹೆಸರು ಬರುವ ಸಂಭವವಿಲ್ಲ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರನ್ನು ಕುರಿತು ಇಡಿಯ ಗ್ರಂಥವನ್ನೇ ಬರೆದಿರದಿದ್ದರೆ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಆ ಹೆಸರು ತಿಳಿದಿರುತ್ತಿತ್ತೆಂಬುದು ಸಂದೇಹ.

ಎರಡನೆಯ ಉದಾಹರಣೆ ಇದಕ್ಕೆ ವಿಪರೀತವಾದುದು. 2013ರಿಂದ 2018ರವರೆಗೆ ನಮ್ಮ ರಬಕವಿ-ಬನಹಟ್ಟಿಯನ್ನು ಒಳಗೊಂಡ ತೇರದಾಳ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ, ರಾಜ್ಯದ ಮಂತ್ರಿಯೂ ಆಗಿದ್ದ ಉಮಾಶ್ರೀಯವರು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರಕ್ಕಾಗಿ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದವರು. ಪಟ್ಟಿಯಲ್ಲಿ ವರ್ಷ 2008 ಎಂದಿದೆ, ಪ್ರದಾನವಾದುದು 2010ರಲ್ಲಿ. ಚಿತ್ರವು ಸೆನ್ಸಾರ್ ಮಂಡಲಿಯಿಂದ ಪ್ರಮಾಣಪತ್ರ ಪಡೆದ ವರ್ಷವನ್ನು ಪಟ್ಟಿ ಹೇಳುತ್ತದೆ, ಸಮಾರಂಭದ ವರ್ಷವನ್ನಲ್ಲ. ಈ ಅಂತರವನ್ನು ಗಮನಿಸದೆ ತೇದಿಯನ್ನು ತಪ್ಪಾಗಿ ಕೊಟ್ಟ ಪ್ರಬಂಧಗಳು ಪ್ರತಿವರ್ಷವೂ ಕೈಸೇರುತ್ತವೆ. ಅದಿರಲಿ, ಆ ಒಂದು ಸಾಲಿನ ಹಿಂದೆ ಏನೇನಿದೆ ಎಂಬುದು ಮುಖ್ಯ. ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನ ಪಾತ್ರದಲ್ಲಿ ಉಮಾಶ್ರೀಯವರು ತೋರಿದ ಶಕ್ತಿಯನ್ನು ಕಂಡವರು ಮರೆಯಲಾರರು. ಅನೇಕ ವರ್ಷ ಚಿತ್ರರಂಗವು ಅವರಿಗೆ ಒಪ್ಪಿಸಿದುದಾದರೋ ಬಹುಮಟ್ಟಿಗೆ ಹಾಸ್ಯಪಾತ್ರಗಳನ್ನು. ಪಟ್ಟಿ ಇವೆರಡರಲ್ಲಿ ಯಾವುದನ್ನೂ ಹೇಳದು.

ಈ ಚಿತ್ರದ ವಸ್ತುವೇ ನಮ್ಮನ್ನು ದೂರದರ್ಶನದ ಕಡೆಗೆ ಒಯ್ಯುತ್ತದೆ. ವೈದೇಹಿಯವರ ಮೂಲ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಮಂದಿರ. ಕಾಸರವಳ್ಳಿಯವರು ಅದನ್ನು ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದು, ಕರಾವಳಿಯ ಮೀನುಗಾರರ ನಡುವಿನ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬಣ್ಣದ ಟಿ.ವಿ.ಯನ್ನು ತಂದಿರಿಸಿದರು. ಆ ಪೆಟ್ಟಿಗೆಯ ಮುಂದೆ ಕೇರಿಯ ಹೆಂಗಸರು ಸೇರುತ್ತಾರೆ. ನಮ್ಮ ಸೀಮೆಗೆ ಟಿ.ವಿ. ಇದಕ್ಕೂ ಮೊದಲೇ, ಬೇರೆಯ ದಾರಿಯಿಂದ ಬಂದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಶೈಕ್ಷಣಿಕ ಪ್ರಸಾರದ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ, ರಾಯಚೂರು. ಬನಹಟ್ಟಿ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದುದು 1997ರಲ್ಲಿ. ಬೆಂಗಳೂರಿನವರು ತಮ್ಮ ಮನೆಗಳಲ್ಲಿ ಟಿ.ವಿ. ಕಾಣುವ ಮೊದಲೇ ಈ ಬರದ ಜಿಲ್ಲೆಗಳ ಹಳ್ಳಿಗರು ಬೇಸಾಯ ಮತ್ತು ಆರೋಗ್ಯದ ಪಾಠಗಳನ್ನು ಊರೊಟ್ಟಿನ ಪೆಟ್ಟಿಗೆಯಲ್ಲಿ ನೋಡಿದರೆಂಬುದು ನೆನಪಿಡತಕ್ಕ ಸಂಗತಿ.

ಇಂದು ಮಗ್ಗದ ಕೆಲಸ ಮುಗಿಸಿದ ಮನೆಗಳಲ್ಲಿ ರಾತ್ರಿ ನಡೆಯುವುದು ಧಾರಾವಾಹಿ. ಆದರೆ ಸರ್ಕಾರದ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಆ ಪ್ರಶಸ್ತಿಗೆ ಸೆನ್ಸಾರ್ ಪ್ರಮಾಣಪತ್ರವೇ ಪ್ರವೇಶಪತ್ರ, ಧಾರಾವಾಹಿಗೆ ಅದು ಬೇಕಾಗಿಲ್ಲ. ಆ ತೆರವನ್ನು ಖಾಸಗಿಯವರು ತುಂಬಿದರು. 2001ರಲ್ಲಿ ಇಂಡಿಯನ್ ಟೆಲಿ ಪ್ರಶಸ್ತಿ, ಭಾರತೀಯ ದೂರದರ್ಶನ ಅಕಾಡೆಮಿಯ ಪ್ರಶಸ್ತಿ ಎರಡೂ ಮುಂಬಯಿಯಲ್ಲಿ ಆರಂಭವಾದುವು. ಹೆಸರು ರಾಷ್ಟ್ರದ್ದಾದರೂ ಕಣ್ಣು ಹೆಚ್ಚಾಗಿ ಹಿಂದಿ ವಾಹಿನಿಗಳ ಮೇಲೆ. ಕನ್ನಡದಲ್ಲಿ ಜೀ ವಾಹಿನಿಯ ‘ಕುಟುಂಬ’, ಕಲರ್ಸ್ ವಾಹಿನಿಯ ‘ಅನುಬಂಧ’ ಸಮಾರಂಭಗಳು ವೈಭವದಿಂದ ನಡೆಯುತ್ತವೆ. ಅಲ್ಲಿ ಪ್ರತಿಯೊಂದು ವಾಹಿನಿ ತನ್ನ ಧಾರಾವಾಹಿಗಳನ್ನು ತಾನೇ ಸನ್ಮಾನಿಸುತ್ತದೆ, ಆ ಸಮಾರಂಭವೂ ಒಂದು ಕಾರ್ಯಕ್ರಮವಾಗಿ ಪ್ರಸಾರವಾಗುತ್ತದೆ. ಇದನ್ನು ಹಳಿಯಬೇಕಾಗಿಲ್ಲ, ಅರಸನು ತನ್ನ ಆಸ್ಥಾನದವರಿಗೆ ಬಿರುದು ಕೊಟ್ಟಂತೆಯೇ ಇದು. ಆದರೆ ಅಂಥ ಪಟ್ಟಿಯಿಂದ ಒಂದು ವಾಹಿನಿಯ ಕಲಾವಿದೆಯನ್ನು ಮತ್ತೊಂದರವಳೊಡನೆ ತೂಗಲಾಗದು. 2021ರಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ಉಮಾಶ್ರೀಯವರು, ‘ಗುಲಾಬಿ ಟಾಕೀಸ್’ ಕಂಡಿರದ ಮನೆಗಳಿಗೂ ಪರಿಚಿತರಾದರು. ಈ ಅಭಿನಯವನ್ನು ಹಿಂದಿನದರೊಡನೆ ಒಂದೇ ಅಳತೆಗೋಲಿನಿಂದ ಅಳೆದ ಪಟ್ಟಿ ಯಾವುದೂ ಇಲ್ಲ.

ವಿಭಾಗವು ಕಲೆಯ ಹಿಂದೆ ಎಷ್ಟು ತಡವಾಗಿ ಬರುತ್ತದೆಂಬುದಕ್ಕೆ ಹೊಸ ನಿದರ್ಶನವೂ ಇದೆ. ಅಂತರ್ಜಾಲದ ಸರಣಿಗಳಿಗೆ ಗೋವೆಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರಶಸ್ತಿಯೊಂದನ್ನು 2023ರಲ್ಲಿ ಸ್ಥಾಪಿಸಲಾಯಿತು. ಮೊದಲ ಬಾರಿಗೆ ಅದು ಹಿಂದಿಯ ‘ಪಂಚಾಯತ್’ ಸರಣಿಯ ಎರಡನೆಯ ಭಾಗಕ್ಕೆ ಸಂದಿತು. ದಿನನಿತ್ಯದ ಧಾರಾವಾಹಿ ಆ ಬಾಗಿಲಿನಿಂದಲೂ ಒಳಹೊಗಲಿಲ್ಲ.